ಹೆಸರು ಕಳೆದುಕೊಂಡ ಹೂಗಳು

“ಮ್ಬಾಕ್, ಮಗು ಎಷ್ಟು ತಿಂಗಳದು?”

ಮೆಟ್ಟಿಲ ಮೇಲೆ ಕೂತು ಕರಿದ ಸೋಯಾ ಟೆಂಪೆ ತಿನ್ನುತ್ತಿದ್ದ ಯುವಕ ಹಾಗೆ ಕೇಳಿದಾಗ ವಿದುರಿಗೆ ಮೈಯೆಲ್ಲ ಉರಿಯಿತು.

ಕುದುಸ್ ಊರಿನ ಭಾನುವಾರದ ಬೆಳಗು. ಹೆಗಲಿಂದ ಸೊಂಟಕ್ಕೆ ಬಿಗಿದ ಬಾತಿಕ್ ಜೋಲಿಯಲ್ಲಿ ಅವಳು ಎದೆಗವಚಿಕೊಂಡಿದ್ದ ಭಾರ ಮಗುವಿನದಲ್ಲ. ಬೈಕ್ ಓಡಿಸಿಕೊಂಡು, ರಸ್ತೆಯಲ್ಲಿ ಗುಂಡಿ ಬಂದಲ್ಲೆಲ್ಲ ಒಂದು ಕೈಯಲ್ಲಿ ಅದನ್ನು ತಬ್ಬಿ ಹಿಡಿದು, ಊರಾಚೆಯ ಮನೆಯಿಂದ ಈ ಸಮುದಾಯ ಭವನದವರೆಗೆ ತಂದಿದ್ದಳು. ಬೆವರಿಳಿದು ತಲೆವಸ್ತ್ರದ ಅಂಚು ಒದ್ದೆಯಾಗಿತ್ತು.

ಜೋಲಿಯ ಮುಸುಕು ಸರಿಸಿದಳು. ಒಳಗೆ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ್ದ ಹಳೆಯ ಕಂಪ್ಯೂಟರ್ ಪೆಟ್ಟಿಗೆ.

“ಹನ್ನೆರಡು ವರ್ಷ,” ಎಂದಳು. “ಹತ್ತು ದಿನದಿಂದ ಕಣ್ಣು ಬಿಟ್ಟಿಲ್ಲ. ನಗೋದು ಮುಗಿದಿದ್ರೆ ಡಾಕ್ಟ್ರು ಯಾರು ಅಂತ ಹೇಳಿ ಮಾಸ್.”

ಗುರುತಿಲ್ಲದ ಹೆಣ್ಣನ್ನು ಮ್ಬಾಕ್ ಎಂದೂ ಗಂಡನ್ನು ಮಾಸ್ ಎಂದೂ ಕರೆದು, ಆ ಗೌರವದ ಮರೆಯಲ್ಲೇ ಎಷ್ಟು ಬೇಕಾದರೂ ಕಾಲೆಳೆಯುವ ಊರು ಅದು.

ಅವನ ಕೈಯಲ್ಲಿದ್ದ ಟೆಂಪೆ ಬಾಯಿಗೆ ಹೋಗದೆ ನಿಂತಿತು. ಪ್ಯಾಂಟಿಗೆ ಕೈ ಒರೆಸಿಕೊಂಡು ದಡಬಡಿಸಿ ಎದ್ದ.

“ಡಾಕ್ಟ್ರು ನಾನೇ. ದನಾರ್ ಅಂತ. ತಪ್ಪಾಯ್ತು ಮ್ಬಾಕ್... ಕೊಡಿ, ನಾನು ಎತ್ಕೋತೀನಿ.”

ಜೋಲಿಯ ಗಂಟು ಬಿಚ್ಚಲು ಇಬ್ಬರ ಕೈಗಳೂ ಒಟ್ಟಿಗೆ ಹೋದವು. ಬೆರಳು ತಾಗಿದ್ದು ಅರೆಕ್ಷಣ. ವಿದುರಿ ಕೈ ಹಿಂದಕ್ಕೆಳೆದುಕೊಂಡಳು.

‘ಪೆಟ್ಟಿಗೆ ಎಲ್ಲಿ ಬೀಳುತ್ತೋ ಅಂತ ಎದೆ ಹೀಗೆ ಹೊಡ್ಕೋತಿದೆ, ಅಷ್ಟೇ.’

ಪೆಟ್ಟಿಗೆ ಅವನ ಕೈಯಲ್ಲಿ ಭದ್ರವಾದ ಮೇಲೂ ಅದು ಹೊಡೆದುಕೊಳ್ಳುತ್ತಲೇ ಇತ್ತು.

ತಿಂಗಳಿಗೊಂದು ಭಾನುವಾರ ಲಿನಕ್ಸ್ ಬಳಗದವರು ಆ ಭವನದಲ್ಲಿ ಸೇರುತ್ತಿದ್ದರು. ಅಂಗಡಿಯವರು ಗುಜರಿಗೆ ಹಾಕಿ ಎಂದು ಕೈಚೆಲ್ಲಿದ ಕಂಪ್ಯೂಟರುಗಳನ್ನು ಬಿಚ್ಚಿ, ಧೂಳು ಕೊಡವಿ, ಕಡಿಮೆ ತ್ರಾಣದಲ್ಲೂ ಓಡುವ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ತುಂಬಿ ಎಬ್ಬಿಸಿ ಕೊಡುವುದು ಅವರ ಹುಚ್ಚು. ಪ್ರತಿಯಾಗಿ ಒಂದು ತಟ್ಟೆ ತಿಂಡಿ ತಂದರೆ ಸಾಕಿತ್ತು. ವಿದುರಿ ಬಾಳೆಹಣ್ಣಿನ ಬೋಂಡ ತಂದಿದ್ದಳು.

ದನಾರ್ ಪೆಟ್ಟಿಗೆಯ ಮಗ್ಗುಲು ಬಿಚ್ಚಿದ. ಒಳಗಿನ ಫ್ಯಾನಿನ ಪಕ್ಕ ಎರಡು ಹಲ್ಲಿ ಮೊಟ್ಟೆ.

“ಮ್ಬಾಕ್, ಬಾಡಿಗೆದಾರರೂ ಇದ್ರಾ?”

ಸುತ್ತ ನಿಂತಿದ್ದ ನಾಲ್ಕೈದು ಜನ ನಕ್ಕರು. ವಿದುರಿಯೂ ನಕ್ಕಳು. ಆದರೆ ಅವಳ ಕಣ್ಣು ಮಾತ್ರ ಆ ಪೆಟ್ಟಿಗೆಯಿಂದ ಕದಲಲಿಲ್ಲ.

ಅದರಲ್ಲಿ ಇದ್ದದ್ದು ಅವಳ ತಾಯಿಯ ಕೈ. ಹಾಗೆಂದರೆ ಅತಿಶಯವಲ್ಲ. ಮಗಳಿಗೂ ಊರಿಗೂ ಅವಳು ಬು, ಅಂದರೆ ಅಮ್ಮ; ಬು ಸುಮಿನಾ ಎಂದರೆ ಕುದುಸಿನ ಕಸೂತಿಯವರಿಗೆಲ್ಲ ಗೊತ್ತು. ನಲವತ್ತು ವರ್ಷ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದ ಮೇಲೆ ಕೆಬಾಯಾ ರವಿಕೆಗಳಿಗೆ ಹೂ, ಬಳ್ಳಿ, ಹಕ್ಕಿ ಅರಳಿಸಿದವಳು. ಹೊಲಿಯುವವರು ಊರ ತುಂಬ ಇದ್ದರು. ಎಣ್ಣೆ ಕಾಗದದ ಮೇಲೆ ಪೆನ್ಸಿಲಿನಿಂದ ಹೊಸ ನಮೂನೆ ಬರೆಯುವವರು ಅವಳಂಥವರು ಇಬ್ಬರೋ ಮೂವರೋ.

ಐದು ವರ್ಷದಿಂದ ಅವಳ ಕೈ ನಡುಗುತ್ತಿತ್ತು. ಲೋಟದಲ್ಲಿ ಚಹಾ ನಿಲ್ಲುತ್ತಿರಲಿಲ್ಲ, ಪೆನ್ಸಿಲಿನ ಮಾತಂತೂ ದೂರವೇ ಉಳಿಯಿತು. ಬರೆದಿಟ್ಟ ಕಾಗದಗಳನ್ನು ಮೂರು ವರ್ಷದ ಹಿಂದಿನ ನೆರೆ ಮುದ್ದೆ ಮಾಡಿಹಾಕಿತ್ತು. ಪುಣ್ಯಕ್ಕೆ, ಅದಕ್ಕೂ ಮೊದಲೇ ವಿದುರಿ ಒಂದೊಂದನ್ನೂ ಸ್ಕ್ಯಾನ್ ಮಾಡಿ ಈ ಕಂಪ್ಯೂಟರಿಗೆ ಹಾಕಿದ್ದಳು. ನಾನೂರ ಹನ್ನೆರಡು ನಮೂನೆ. ಇಡೀ ಲೋಕದಲ್ಲಿ ಅವು ಇದ್ದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ. ಮನೆಯ ಎರಡು ಹೊಲಿಗೆ ಯಂತ್ರ ಓಡುತ್ತಿದ್ದದ್ದೂ ಅವುಗಳಿಂದಲೇ.

ದನಾರ್ ಪೆನ್‌ಡ್ರೈವ್ ಚುಚ್ಚಿದ. ಪರದೆಯ ಮೇಲೆ ನೀಲಿ ಬಣ್ಣ ಬಂತು. ಅವನು ಬಗ್ಗಿ ಓದುತ್ತಿದ್ದ. ರೆಪ್ಪೆ ಇಷ್ಟು ದಟ್ಟವಾಗಿರುವ ಗಂಡಸನ್ನು ವಿದುರಿ ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

“ಮ್ಬಾಕ್, ಪಾರ್ಟಿಷನ್ ಪೂರ್ತಿ ಫಾರ್ಮ್ಯಾಟ್ ಮಾಡ್ಲಾ? ಬ್ಯಾಕಪ್ ಇದೆ ತಾನೆ?”

ಅವಳಿಗೆ ಒಂದಕ್ಷರವೂ ಅರ್ಥವಾಗಲಿಲ್ಲ.

ಅರ್ಥವಾಗಲಿಲ್ಲ ಎಂದು ಹೇಳಬಹುದಿತ್ತು. ಆದರೆ ಸುತ್ತ ಅಷ್ಟು ಜನ, ಅವರೆಲ್ಲ ಬಲ್ಲವರು, ತಲೆಯೆತ್ತಿ ತನ್ನನ್ನೇ ನೋಡುತ್ತಿರುವ ಆ ಕಣ್ಣು... ಕೆಲಸ ಮಾಡಿಕೊಡುತ್ತಿರುವವನನ್ನು ‘ಹಾಗಂದ್ರೇನು?’ ಎಂದು ತಡೆದು ನಿಲ್ಲಿಸುವುದು ಅವಳು ಬೆಳೆದ ರೀತಿಯಲ್ಲ. ಆ ಊರಲ್ಲಿ ಹಿರಿಯರು, ಬಲ್ಲವರು, ಅತಿಥಿಗಳು ಏನು ಕೇಳಿದರೂ ಮೊದಲು ಬಾಯಿಗೆ ಬರುವುದು ಒಪ್ಪಿಗೆಯೇ. ಎದುರಿನವರ ಮಾತಿಗೆ ಅಡ್ಡ ಬರಬಾರದು ಎಂಬುದನ್ನು ಮಕ್ಕಳು ಅನ್ನದ ಜೊತೆಗೇ ಉಣ್ಣುತ್ತಾರೆ.

ವಿದುರಿ ಮುಗುಳ್ನಕ್ಕು ತಲೆಯಾಡಿಸಿದಳು.

“ಹ್ಞೂಂ ಮಾಸ್.”

ಅವನು ಬೆರಳಿಟ್ಟು ಒಂದು ಗುಂಡಿ ಒತ್ತಿದ.

* * *

ಮನೆಗೆ ತಂದು ಹಚ್ಚಿದಾಗ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದು ಕೂತಿತು. ಮೊದಲಾದರೆ ಅದು ಏಳುವಷ್ಟರಲ್ಲಿ ಅಕ್ಕಿ ತೊಳೆದು ಒಲೆಗಿಟ್ಟು ಬರಬಹುದಿತ್ತು.

“ಅಯ್ಯೋ, ಇದಕ್ಕೆ ಮತ್ತೆ ಪ್ರಾಯ ಬಂತಲ್ಲೇ,” ಎಂದಳು ಬು ಸುಮಿನಾ. “ನನ್ನನ್ನೂ ಆ ಹುಡುಗನ ಹತ್ರ ಕರ್ಕೊಂಡು ಹೋಗು.”

ವಿದುರಿ ನಗುತ್ತಲೇ ನಮೂನೆಗಳ ಕಡತ ಹುಡುಕಿದಳು. ಇಲ್ಲ. ಬೇರೆ ಕಡೆ ನೋಡಿದಳು. ಅಲ್ಲೂ ಇಲ್ಲ. ‘ಚಿತ್ರಗಳು’ ಎಂದು ಬರೆದಿದ್ದಲ್ಲಿ ಒತ್ತಿದಳು. ಬಿಳಿ. ಬರೀ ಬಿಳಿ.

ಆಗ ಆ ಪ್ರಶ್ನೆಯ ಅರ್ಥ ತಾನಾಗಿ ಹೊಳೆಯಿತು.

‘ಕೇಳಿದ್ರು... ನನ್ನನ್ನ ಕೇಳಿಯೇ ಅಳಿಸಿದ್ರು. ನಾನೇ ಹ್ಞೂಂ ಅಂದೆ.’

“ಯಾಕೇ, ಮುಖ ಹಾಗಾಯ್ತು?”

“ಏನಿಲ್ಲ ಬು. ಹೊಸದಲ್ವಾ... ಎಲ್ಲಿ ಏನಿದೆ ಅಂತ ಹುಡುಕ್ತಿದೀನಿ.”

ಅಷ್ಟರಲ್ಲಿ ಮೊಬೈಲಿಗೆ ದನಾರನ ಸಂದೇಶ ಬಂತು. ‘ಮಗು ಹೇಗಿದೆ?’

ವಿದುರಿ ಆ ಎರಡು ಪದವನ್ನು ಎಷ್ಟೋ ಹೊತ್ತು ನೋಡಿದಳು. ಏನು ಬರೆಯಲಿ? ನೀವು ನನ್ನ ತಾಯಿಯ ನಲವತ್ತು ವರ್ಷ ಅಳಿಸಿದಿರಿ ಎಂದೇ? ಪುಕ್ಕಟೆ ಕೆಲಸ ಮಾಡಿಕೊಟ್ಟವನಿಗೆ? ಕಣ್ಣೀರು ಒರೆಸಿಕೊಂಡು ಬರೆದಳು: ‘ತುಂಬ ಚೆನ್ನಾಗಿದೆ ಮಾಸ್. ನಿಮ್ಮ ಉಪಕಾರ ಮರೆಯಲ್ಲ.’

ಮುಂದಿನ ಭಾನುವಾರ ಅವನು ಪ್ರಿಂಟರ್ ಜೋಡಿಸಿಕೊಡಲು ಮನೆಗೇ ಬಂದ. ಅದರ ಮುಂದಿನ ಭಾನುವಾರ ಮೌಸ್ ಬದಲಿಸುವ ನೆಪ. ಮೂರನೆಯ ಭಾನುವಾರ ನೆಪವೇ ಇರಲಿಲ್ಲ, ಒಂದು ಪೊಟ್ಟಣ ಜೆನಾಂಗ್ ಸಿಹಿ ಹಿಡಿದು ಬಂದು ಜಗಲಿಯಲ್ಲಿ ಕೂತ. ಪೇಟೆಯಲ್ಲಿ ಅವನದು ಪುಟ್ಟ ರಿಪೇರಿ ಅಂಗಡಿ. ರೈಸ್ ಕುಕ್ಕರ್, ಫ್ಯಾನು, ಮಿಕ್ಸಿ. ಕೆಟ್ಟದ್ದನ್ನು ಬಿಸಾಡುವುದು ಕಂಡರೆ ಅವನಿಗೆ ತಡೆಯುತ್ತಿರಲಿಲ್ಲ.

“ನಮ್ಮಜ್ಜಿ ಹೇಳೋರು, ಇವನು ಹೆಂಡ್ತೀನೂ ಸೆಕೆಂಡ್ ಹ್ಯಾಂಡೇ ತರ್ತಾನೆ ಅಂತ,” ಎಂದು ಅವನೇ ಹೇಳಿ ಕೆಂಪಾದ.

ಬು ಸುಮಿನಾ ನಕ್ಕು ನಕ್ಕು ಕೆಮ್ಮಿದಳು. ಎಮ್ಮೆ ಮಾಂಸದ ಸೋತೋ ಸಾರು ಬಡಿಸುತ್ತ ವಿದುರಿಯೂ ನಕ್ಕಳು. ಮರುಕ್ಷಣವೇ ಒಳಗೆ ಚುರುಕ್ ಎಂದಿತು. ಅವನು ಬಂದರೆ ಮನೆ ತುಂಬಿದಂತಾಗುತ್ತಿತ್ತು. ಅವನು ಹೋದರೆ ಭಾನುವಾರ ಯಾವಾಗ ಎಂದು ಎಣಿಸುವಂತಾಗುತ್ತಿತ್ತು. ಇಷ್ಟಪಟ್ಟವನ ಎದುರು ಇಷ್ಟು ದೊಡ್ಡದನ್ನು ಬಚ್ಚಿಟ್ಟುಕೊಂಡು ಎಷ್ಟು ದಿನ ನಗಲಿ?

‘ಹೇಳಿದ್ರೆ ಅವರಿಗೆ ನೋವಾಗುತ್ತೆ. ಹೇಳದಿದ್ರೆ ಬೂಗೆ ಮೋಸ...’

ತಾಯಿಗೆ ದಿನಕ್ಕೊಂದು ಸಬೂಬು. ಪ್ರಿಂಟರಿನ ಶಾಯಿ ಮುಗಿದಿದೆ. ಕಾಗದ ತರಬೇಕು. ಇವತ್ತು ತಲೆನೋವು. ಹಜ್ ಮಾಡಿ ಬಂದಿದ್ದ ಹಳೆಯ ಗಿರಾಕಿ ಹಜ್ಜಾ ಮುನಿಫಾ ತನ್ನ ಕಿರಿಮಗಳ ಮದುವೆಗೆ ಜೋಡಿ ನವಿಲಿನ ಕೆಬಾಯಾ ಬೇಕೆಂದು ಎರಡು ಸಲ ಹೇಳಿ ಕಳಿಸಿದ್ದಳು. ಹಿರಿಮಗಳಿಗೆ ಬು ಸುಮಿನಾ ಬರೆದುಕೊಟ್ಟಿದ್ದ ನಮೂನೆಯೇ ಆಗಬೇಕು ಎಂದು ಅವಳ ಹಟ.

* * *

ನಾಲ್ಕನೆಯ ಭಾನುವಾರ ವಿದುರಿ ಅಡುಗೆಮನೆಯಲ್ಲಿದ್ದಾಗ ತಾಯಿಯ ದನಿ ಕೇಳಿಸಿತು.

“ಮಗಾ ದನಾರ್, ಇವಳನ್ನ ನೆಚ್ಕೊಂಡ್ರೆ ಮದುವೇನೇ ಮುಗ್ದು ಹೋಗುತ್ತೆ. ನೀನೇ ಆ ಜೋಡಿ ನವಿಲನ್ನ ತೆಗ್ದು ಕೊಡು. ನನ್ನ ನಮೂನೆ ಎಲ್ಲಾ ಅದರಲ್ಲೇ ಇದೆ, ನಾನೂರ ಹನ್ನೆರಡು.”

ವಿದುರಿ ಓಡಿ ಬರುವಷ್ಟರಲ್ಲಿ ಅವನು ಕಂಪ್ಯೂಟರಿನ ಮುಂದೆ ಕೂತಾಗಿತ್ತು.

“ಯಾವ ಕಡತದಲ್ಲಿದೆ ಬು? ಇಲ್ಲೇನೂ ಕಾಣಿಸ್ತಿಲ್ವಲ್ಲ...”

ಅವನು ತಿರುಗಿದ. ಬಾಗಿಲಲ್ಲಿ ನಿಂತಿದ್ದ ವಿದುರಿಯ ಮುಖ ನೋಡಿದ. ಅಷ್ಟೇ ಸಾಕಾಯಿತು. ಅವನ ಮುಖದ ರಕ್ತವೆಲ್ಲ ಇಳಿದು ಹೋಯಿತು.

“ಅವತ್ತು ಅಳಿಸಿದ್ರಲ್ಲಿ ಇದ್ವಾ?”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಬೇರೆ ಎಲ್ಲೂ ಪ್ರತಿ ಇಲ್ವಾ? ಮ್ಬಾಕ್ ವಿದುರಿ, ಬಾಯಿ ಬಿಡಿ.”

“ಇಲ್ಲ.”

ದನಾರ್ ಎದ್ದವನೇ ಗೋಡೆಯ ಪ್ಲಗ್ಗನ್ನು ಕಿತ್ತು ಎಳೆದ. ಪರದೆ ಕಪ್ಪಾಯಿತು. ಬು ಸುಮಿನಾ ಬೆಚ್ಚಿ ಮಗಳ ತೋಳು ಹಿಡಿದುಕೊಂಡಳು.

“ಇಪ್ಪತ್ತೆಂಟು ದಿನ,” ಎಂದ ಅವನು. ದನಿ ಏರಿರಲಿಲ್ಲ. “ಅಳಿಸಿದ ಕೂಡ್ಲೇ ಎಲ್ಲಾ ಹೋಗಲ್ಲ ಮ್ಬಾಕ್. ಅಡಿಯಲ್ಲಿ ಉಳಿದಿರುತ್ತೆ. ಮೇಲೆ ಹೊಸದು ಬರೀತಾ ಹೋದ ಹಾಗೆ ಒಂದೊಂದೇ ಸಾಯುತ್ತೆ. ನೀವು ಅವತ್ತೇ ಒಂದು ಮಾತು ಹೇಳಿದ್ದಿದ್ರೆ ಹೆಚ್ಚು ಕಮ್ಮಿ ಎಲ್ಲಾನೂ ಉಳಿಸ್ಕೋಬಹುದಿತ್ತು. ನಾನೇ ಭಾನುವಾರ ಭಾನುವಾರ ಬಂದು ಇಲ್ಲಿ ಕೂತು ಹಾಡು ಹಾಕಿದೀನಿ, ವಿಡಿಯೋ ತೋರಿಸಿದೀನಿ... ಅದರ ಮೇಲೇ!”

“ನಿಮಗೆ ಬೇಜಾರಾಗುತ್ತೆ ಅಂತ...”

“ನನ್ನ ಬೇಜಾರು ದೊಡ್ಡದಾ?” ಅವನ ಕಣ್ಣು ತುಂಬಿತ್ತು. “ಇದನ್ನ ಇಟ್ಕೊಂಡು ನನಗೆ ಸೋತೋ ಬಡಿಸಿದ್ರಾ?”

ಅವನು ಡಿಸ್ಕನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ಬು ಸುಮಿನಾಳ ಮುಂದೆ ಮಂಡಿಯೂರಿ ಕೈ ಹಿಡಿದು ಹಣೆಗೊತ್ತಿಕೊಂಡ. ವಿದುರಿಯತ್ತ ನೋಡದೆ ಹೊರಟುಹೋದ.

ಬು ಸುಮಿನಾ ಬಹಳ ಹೊತ್ತು ಖಾಲಿ ಪೆಟ್ಟಿಗೆಯನ್ನೇ ನೋಡಿದಳು. ಮಗಳು ಕಾಲ ಬಳಿ ಕುಸಿದು ಅಳುತ್ತಿದ್ದಳು. ಆ ನಡುಗುವ ಕೈ ತಲೆಯ ಮೇಲೆ ಬಂತು.

“ನನಗಾದ್ರೂ ಹೇಳ್ಬಾರದಿತ್ತೇನೇ?”

“ನಿಮ್ಮ ಕೈನೇ ನಾನು ಕಳೆದುಬಿಟ್ಟೆ ಬು.”

“ಕೈ ಇಲ್ಲೇ ಇದೆಯಲ್ಲ, ನಿನ್ನ ತಲೆ ಮೇಲೆ,” ಎಂದಳು ತಾಯಿ. ಆಮೇಲೆ ಅವಳೂ ಅತ್ತಳು.

* * *

ಒಂದು ದಿನ. ಮೂರು ದಿನ. ಒಂದು ವಾರ. ಅವನಿಂದ ಒಂದು ಸಂದೇಶವೂ ಇಲ್ಲ.

ಬು ಸುಮಿನಾ ಹಜ್ಜಾ ಮುನಿಫಾಳಿಗೆ ಹೇಳಿ ಕಳಿಸಿದಳು, ನಮೂನೆ ಕಳೆದುಹೋಗಿದೆ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು. ಹಾಗೆ ಹೇಳಿ ಕಳಿಸುವಾಗ ತಾಯಿಯ ಮುಖ ಬಾಡಿದ್ದನ್ನು ವಿದುರಿ ಕಂಡಳು.

‘ನನ್ನ ಮುಖ ನೋಡೋಕೂ ಅಸಹ್ಯ ಆಗಿರ್ಬೇಕು. ಸುಳ್ಳುಗಾತಿ ಅನ್ಕೊಂಡಿರ್ತಾರೆ. ಅನ್ಕೊಂಡ್ರೆ ತಪ್ಪೇನು?’

ಭಾನುವಾರ ಬಂತು. ಜಗಲಿ ಖಾಲಿ. ಬೀದಿಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಅವಳ ಕಾಲು ತುಳಿಯುತ್ತಿದ್ದ ಯಂತ್ರ ನಿಲ್ಲುತ್ತಿತ್ತು. ನೋಡಿ ನೋಡಿ ಬು ಸುಮಿನಾಳಿಗೆ ಸಾಕಾಯಿತು.

“ಸೂಜಿ ಮುರಿಯೋಕೆ ಮೊದಲು ಎದ್ದು ಹೋಗು.”

“ಎಲ್ಲಿಗೆ ಬು?”

“ನಾನು ಕೈ ನಡುಗೋಳು, ಕಣ್ಣು ಕಾಣದೋಳಲ್ಲ. ಹೋಗು.”

ಹನ್ನೊಂದನೆಯ ದಿನ ಮಧ್ಯಾಹ್ನ ವಿದುರಿ ಅವನ ಅಂಗಡಿಯ ಮುಂದೆ ನಿಂತಿದ್ದಳು. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ದನಾರ್ ರೈಸ್ ಕುಕ್ಕರುಗಳ ನಡುವೆ ಒಂದು ಪರದೆಯ ಮುಂದೆ ಬೆನ್ನು ಬಾಗಿಸಿ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಎದ್ದುನಿಂತ ರಭಸಕ್ಕೆ ಸ್ಟೂಲು ಉರುಳಿತು.

“ನನಗೆ ಅರ್ಥ ಆಗಿರ್ಲಿಲ್ಲ ಮಾಸ್,” ಎಂದಳು ವಿದುರಿ ಒಂದೇ ಉಸಿರಿಗೆ. “ಅವತ್ತು ನೀವು ಕೇಳಿದ್ದು ನನಗೆ ಒಂದಕ್ಷರಾನೂ ಅರ್ಥ ಆಗಿರ್ಲಿಲ್ಲ. ಎಲ್ರೂ ನೋಡ್ತಿದ್ರು, ನಾಚಿಕೆಗೆ ತಲೆಯಾಡಿಸಿದೆ. ಆಮೇಲೆ ಹೇಳೋಕೆ ಭಯ ಆಯ್ತು. ತಪ್ಪು ನಂದು. ಇಷ್ಟು ಹೇಳಿ ಹೋಗೋಣ ಅಂತ ಬಂದೆ.”

ಹುಟ್ಟಿದ ಮೇಲೆ ಅಷ್ಟು ನೇರವಾಗಿ ಅವಳು ಯಾರ ಎದುರೂ ಮಾತಾಡಿರಲಿಲ್ಲ. ಹೊರಡಲು ತಿರುಗಿದಳು.

“ನಾನೂ ಇದೇ ಊರಲ್ಲಿ ಹುಟ್ಟಿದೋನು,” ಎಂದ ದನಾರ್ ಹಿಂದಿನಿಂದ.

ಅವಳು ನಿಂತಳು.

“ಇಲ್ಲಿ ಹ್ಞೂಂ ಅಂದೋರನ್ನೆಲ್ಲ ಇನ್ನೊಂದ್ಸಲ ಕೇಳ್ಬೇಕು ಅಂತ ನನಗೆ ಗೊತ್ತಿಲ್ವಾ? ಕುಕ್ಕರ್ ತಂದೋರನ್ನ ಮೂರು ಸಲ ಕೇಳ್ತೀನಿ. ಅವತ್ತು ನಿಮ್ಮ ಮುಖ ನೋಡ್ತಾ ಕೂತೆ, ಮರ್ತೇ ಹೋಯ್ತು.” ಅವನು ತಲೆ ತಗ್ಗಿಸಿದ. “ಏನಾದ್ರೂ ಸಿಗೋವರೆಗೆ ನಿಮಗೆ ಮುಖ ತೋರಿಸ್ಬಾರದು ಅನ್ಕೊಂಡಿದ್ದೆ. ನಿಮ್ಮ ಮೇಲೆ ರೇಗಿ ಬೇರೆ ಬಂದಿದ್ದೆ.”

“ಸಿಗೋವರೆಗೆ ಅಂದ್ರೆ...?”

ಅವನು ಪರದೆಯನ್ನು ಅವಳತ್ತ ತಿರುಗಿಸಿದ.

ಚಿಕ್ಕ ಚಿಕ್ಕ ಚೌಕಗಳು. ಒಂದರಲ್ಲಿ ಮಲ್ಲಿಗೆ ಬಳ್ಳಿ. ಒಂದರಲ್ಲಿ ಚಿಟ್ಟೆ. ಒಂದರಲ್ಲಿ ದಾಸವಾಳ, ಅದರ ಎಸಳಿನ ಅಂಚಿನಲ್ಲಿ ತಾಯಿ ಮಾತ್ರ ಹಾಕುತ್ತಿದ್ದ ಆ ಸಣ್ಣ ತಿರುವು. ವಿದುರಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಒಂದು ಪ್ರೋಗ್ರಾಮ್ ಇದೆ, ಡಿಸ್ಕಿನ ಮೂಲೆಮೂಲೆ ಕೆದಕಿ ಚಿತ್ರದ ಹಾಗೆ ಕಾಣೋದನ್ನೆಲ್ಲ ಎತ್ಕೊಂಡು ಬರುತ್ತೆ. ಎರಡು ಸಲ ಅರ್ಧಕ್ಕೇ ನಿಂತುಹೋಯ್ತು. ಇದು ಮೂರನೇ ಸಲ. ಮುನ್ನೂರ ಆರು ಸಿಕ್ಕಿದೆ. ಇನ್ನು ಸಿಗಲ್ಲ.” ಅವನು ಗಂಟಲು ಸರಿಮಾಡಿಕೊಂಡ. “ಇನ್ನೊಂದು... ಹೆಸರುಗಳು ಬಂದಿಲ್ಲ. ನೀವು ಒಂದೊಂದಕ್ಕೂ ಹೆಸರಿಟ್ಟಿರ್ತೀರಲ್ಲ, ಅದೆಲ್ಲ ಹೋಗಿದೆ. ಬರೀ ನಂಬರು. ಯಾವುದು ಏನು ಅಂತ ಕಂಪ್ಯೂಟರಿಗೆ ಗೊತ್ತಿಲ್ಲ.”

“ಬೂಗೆ ಗೊತ್ತು,” ಎಂದಳು ವಿದುರಿ. ಆಮೇಲೆ ಅಲ್ಲೇ, ಅಂಗಡಿ ಮುಂದೆ ಹೋಗಿ ಬರುವವರೆಲ್ಲ ನೋಡುತ್ತಿರುವಂತೆಯೇ, ಗಟ್ಟಿಯಾಗಿ ಅತ್ತುಬಿಟ್ಟಳು.

* * *

ಹೀಗೆ ಮತ್ತೆ ಭಾನುವಾರಗಳು ಶುರುವಾದವು.

ದನಾರ್ ಪೆಟ್ಟಿಗೆಗೆ ಬೇರೆ ಡಿಸ್ಕ್ ಹಾಕಿ ಲಿನಕ್ಸ್ ತುಂಬಿದ. ಈ ಸಲ ಎಲ್ಲವನ್ನೂ ಮೂರು ಪ್ರತಿ ಮಾಡಿ, ಒಂದನ್ನು ಪೆಟ್ಟಿಗೆಯಲ್ಲೇ, ಒಂದನ್ನು ತನ್ನ ಅಂಗಡಿಯಲ್ಲಿ, ಒಂದನ್ನು ಬು ಸುಮಿನಾಳ ಅಕ್ಕಿ ಡಬ್ಬದ ಪಕ್ಕ ಇಟ್ಟ. ಪರದೆಯ ಮುಂದೆ ಮೂವರು ಸಾಲಾಗಿ ಕೂರುತ್ತಿದ್ದರು. ಅವನು ಚಿತ್ರ ತೆರೆಯುವುದು, ತಾಯಿ ಹೆಸರು ಹೇಳುವುದು, ಮಗಳು ಬರೆಯುವುದು.

“ಇದು ಸುರುಳಿ ಜರಿಗಿಡ. ಊರ ಮುಖ್ಯಸ್ಥ ಲುರಾಹನ ಹೆಂಡ್ತಿಗೆ ಬರೆದದ್ದು. ಹೊಟ್ಟೆ ಮರೆಸ್ಬೇಕು ಅಂದ್ಲು, ಅದಕ್ಕೇ ಇಷ್ಟು ಎಲೆ.”

“ಇದು ಬು?”

“ಬಿಂಬುಳಿ ಹೂ. ನಿನ್ನನ್ನ ಹೊಟ್ಟೆಯಲ್ಲಿ ಹೊತ್ಕೊಂಡಾಗ ಬರೆದದ್ದು. ಹುಳಿ ತಿನ್ನೋ ಆಸೆ. ಕೈಗೆ ಸಿಗದಿದ್ದಕ್ಕೆ ಕಾಗದದ ಮೇಲೆ ಬರೆದೆ.”

“ಮತ್ತೆ ಇದು? ಬಾತುಕೋಳಿ ಥರ ಇದೆ,” ಎಂದ ದನಾರ್.

“ಅದು ಗರುಡ ಕಣೋ, ಅನ್ನ ತಿನ್ನೋನೇ.”

ನಲವತ್ತು ವರ್ಷದಲ್ಲಿ ತಾಯಿ ಹೇಳದೆ ಉಳಿದಿದ್ದ ಎಷ್ಟೋ ಮಾತು ಆ ಭಾನುವಾರಗಳಲ್ಲಿ ಹೊರಬಂತು. ಯಾವ ಹೂವನ್ನು ಸಿಟ್ಟಿನಲ್ಲಿ ಬರೆದದ್ದು, ಯಾವ ಬಳ್ಳಿಯನ್ನು ಗಂಡ ಕಡಲಿಗೆ ಹೋಗಿದ್ದಾಗ ಬರೆದದ್ದು, ಯಾವ ಮದುಮಗಳು ಹೊಲಿಸಿಕೊಂಡು ಮದುವೆಗೆ ಮುಂಚೆಯೇ ಓಡಿಹೋದದ್ದು. ಕಂಪ್ಯೂಟರ್ ಕೆಡದೆ ಇದ್ದಿದ್ದರೆ ಇವು ಯಾವುವೂ ತನಗೆ ಗೊತ್ತಾಗುತ್ತಿರಲಿಲ್ಲ ಎಂದು ವಿದುರಿಗೆ ಅನಿಸುತ್ತಿತ್ತು. ಸುಖವೆಂದರೆ ಇಷ್ಟು ಸುಲಭವಾಗಿ ಮನೆಯೊಳಗೆ ಬಂದು ಕೂರುವುದೇ ಎಂದು ಆಶ್ಚರ್ಯವಾಗುತ್ತಿತ್ತು.

ಜೋಡಿ ನವಿಲು ಐದನೆಯ ಭಾನುವಾರ ಸಿಕ್ಕಿತು. ಸಿಕ್ಕಿದ್ದು ಅರ್ಧ. ಎಡಗಡೆಯ ನವಿಲು ಗರಿಗೆದರಿ ನಿಂತಿತ್ತು. ಬಲಗಡೆ ಬರೀ ಬೂದು ಬಣ್ಣ.

ಬು ಸುಮಿನಾ ತನ್ನ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದಳು. ಆದರೂ ಅದು ನಡುಗಿತು.

“ಪೆನ್ಸಿಲ್ ತಗೋ,” ಎಂದಳು ಮಗಳಿಗೆ.

“ನಾನಾ? ನನಗೆ ಹೊಲಿಯೋಕೆ ಬರುತ್ತೆ ಬು, ಬರೆಯೋಕೆ...”

“ಹೊಲಿಯೋವಾಗ ಸೂಜಿ ಹೋಗೋ ದಾರೀಲೇ ಪೆನ್ಸಿಲ್ಲೂ ಹೋಗುತ್ತೆ. ತಗೋ. ಮೊದಲು ಕತ್ತು. ಅಲ್ಲ, ಇಷ್ಟು ಸೆಟೆದು ಅಲ್ಲ. ಅದು ಗಂಡನ್ನ ನೋಡ್ತಿದೆ ಕಣೇ, ಪೋಲೀಸನ್ನಲ್ಲ. ಬಗ್ಗಿಸು.”

ದನಾರ್ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ. ವಿದುರಿ ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಎರಡು ಮಧ್ಯಾಹ್ನ ಹಿಡಿಯಿತು. ಕೊನೆಗೆ ಎಣ್ಣೆ ಕಾಗದದ ಮೇಲೆ ಎರಡನೆಯ ನವಿಲು ಮೊದಲನೆಯದರತ್ತ ಕತ್ತು ಬಾಗಿಸಿ ನಿಂತಾಗ ಬು ಸುಮಿನಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ನಂದಕ್ಕಿಂತ ಕೊಕ್ಕು ಸ್ವಲ್ಪ ಉದ್ದ,” ಎಂದಳು. “ಇರಲಿ ಬಿಡು. ಮಾತಾಡೋ ನವಿಲು.”

ಕಾಗದವನ್ನು ಕೆಳಗಿಡಲು ಅವಳಿಗೆ ಮನಸ್ಸೇ ಬರಲಿಲ್ಲ. ಮದುವೆಗೆ ಇನ್ನೂ ದಿನವಿತ್ತು; ಅಂದೇ ಹಜ್ಜಾ ಮುನಿಫಾಳಿಗೆ ಹೇಳಿ ಕಳಿಸಿದಳು, ಕೆಬಾಯಾ ಆಗುತ್ತದೆ ಎಂದು. ಉಳಿದ ನೂರಾ ಆರು ಹೋದವು, ನಿಜ. “ಅದರಲ್ಲಿ ಅರ್ಧ ದಂಡಪಿಂಡ. ಇನ್ನರ್ಧ ಇವಳು ಬರೀತಾಳೆ,” ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು.

* * *

ಮುನ್ನೂರ ಆರನೆಯ ಚಿತ್ರಕ್ಕೆ ಹೆಸರಿಟ್ಟಾಗ ಸಂಜೆ ಬಿಸಿಲು ಜಗಲಿಗೆ ಬಂದಿತ್ತು. ಪಕ್ಕದ ಮಸೀದಿಯಿಂದ ಅಸರ್ ಅಜಾನ್ ಕೇಳಿಸಿತು.

ಬು ಸುಮಿನಾ ಮಂಡಿ ಹಿಡಿದುಕೊಂಡು ಎದ್ದಳು. “ನಾನು ನಮಾಜಿಗೆ ಹೋಗ್ತೀನಿ. ಇವತ್ತು ನಿಧಾನವಾಗೇ ಮಾಡ್ತೀನಿ,” ಎಂದು ಇಬ್ಬರನ್ನೂ ಒಂದು ಸಲ ನೋಡಿ ಒಳಗೆ ಹೋದಳು.

ದನಾರ್ ವೈರುಗಳನ್ನು ಸುತ್ತತೊಡಗಿದ. ಸುತ್ತಿದ್ದನ್ನೇ ಮತ್ತೆ ಬಿಚ್ಚಿ ಸುತ್ತಿದ.

“ಕೆಲಸ ಮುಗೀತು,” ಎಂದ.

“ಹ್ಞೂಂ.”

“ಮುಂದಿನ ಭಾನುವಾರದಿಂದ ಬರೋದು ಬೇಕಾಗಿಲ್ಲ.”

ವಿದುರಿಯ ಬಾಯಿ ಅಭ್ಯಾಸಬಲದಿಂದ ಮತ್ತೆ ಹ್ಞೂಂ ಎನ್ನಲು ಹೊರಟಿತ್ತು. ತಡೆದುಕೊಂಡಳು.

“ಮ್ಬಾಕ್ ವಿದುರಿ... ಒಂದು ಮಾತು ಕೇಳ್ಬೇಕು ಅಂತ ತುಂಬ ದಿನದಿಂದ ಇದೆ. ಆದ್ರೆ ಭಯ.”

“ಏನು ಭಯ?”

“ನೀವು ಒಪ್ಕೊಂಡುಬಿಡ್ತೀರಿ ಅಂತ.”

ಅವಳು ಕಣ್ಣರಳಿಸಿ ನೋಡಿದಳು.

“ನಗಬೇಡಿ. ನನ್ನ ಮನಸ್ಸಿಗೆ ನೋವಾಗ್ಬಾರದು ಅಂತ ನೀವು ತಲೆಯಾಡಿಸಿದ್ರೆ? ಡಿಸ್ಕ್ ಅಳಿಸಿದ್ರೆ ಕೆದಕಿ ಹುಡುಕಿ ತರ್ತೀನಿ. ನಿಮ್ಮ ಮುಂದಿನ ವರ್ಷಗಳೆಲ್ಲ ನನ್ನ ಜೊತೆ ಸುಮ್ನೆ ಸವೆದುಹೋದ್ರೆ ಅದನ್ನ ಎಲ್ಲಿಂದ ತರ್ಲಿ?” ಅವನು ವೈರಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. “ನಿಮ್ಮ ಹ್ಞೂಂ ನಿಜವಾದ ಹ್ಞೂಂ ಹೌದೋ ಅಲ್ವೋ ನನಗೆ ಹೇಗೆ ಗೊತ್ತಾಗುತ್ತೆ?”

ವಿದುರಿಯ ಎದೆ ತುಂಬಿ ಬಂತು. ಇಷ್ಟು ದಿನ ತನ್ನನ್ನು ಇಷ್ಟು ಹತ್ತಿರದಿಂದ ಯಾರಾದರೂ ಓದಿದ್ದರೇ? ಹೌದೆನ್ನುವಂತೆ ಅವಳನ್ನು ಬೆಳೆಸಿದವರು ಎಷ್ಟೋ ಜನ. ಅವಳ ಹೌದು ನಿಜವಾಗಿರಲಿ ಎಂದು ಕಾದವನು ಇವನೊಬ್ಬ.

“ಹಾಗಿದ್ರೆ ಕೇಳ್ಬೇಡಿ,” ಎಂದಳು.

ಅವನ ಮುಖ ಸಪ್ಪಗಾಯಿತು. ಮೆಲ್ಲನೆ ತಲೆದೂಗಿ ಚೀಲಕ್ಕೆ ಕೈ ಹಾಕಿದ.

“ನಾನೇ ಕೇಳ್ತೀನಿ.”

ಆ ಊರಲ್ಲಿ ಹೆಣ್ಣು ಕೇಳುವುದಿಲ್ಲ. ಹಿರಿಯರು ಹೋಗಿ, ಸುತ್ತಿ ಬಳಸಿ, ಅರ್ಧ ಗಂಟೆ ಬೇರೆ ಮಾತಾಡಿ ಆಮೇಲೆ ಕೇಳುತ್ತಾರೆ. ವಿದುರಿಯ ಕಿವಿ ಬಿಸಿಯಾಗಿತ್ತು, ಅಂಗೈ ಒದ್ದೆಯಾಗಿತ್ತು. ಆದರೂ ನೆಲ ನೋಡಲಿಲ್ಲ.

“ಮಾಸ್ ದನಾರ್, ನನಗೆ ನೀವಂದ್ರೆ ಇಷ್ಟ. ಸಿಟ್ಟು ಬಂದ ದಿನಾನೂ ಇಷ್ಟ ಇತ್ತು. ನನ್ನನ್ನ ಮದುವೆ ಆಗ್ತೀರಾ? ಅರ್ಥ ಆಗದಿದ್ರೆ ಇನ್ನೊಂದ್ಸಲ ಹೇಳ್ತೀನಿ, ನಾಚ್ಕೋಬೇಡಿ.”

ಅವನ ಕೈಯಿಂದ ವೈರು ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಅರ್ಧಕ್ಕೇ ನಿಂತ. ಕೊನೆಗೆ ತಲೆಯಾಡಿಸಿದ.

“ತಲೆಯಾಡಿಸಿದ್ರೆ ನಾನು ಒಪ್ಪಲ್ಲ.”

“ಅರ್ಥ ಆಯ್ತು,” ಎಂದ ದನಾರ್. ನಗುತ್ತಿದ್ದ, ಕಣ್ಣು ಒರೆಸಿಕೊಳ್ಳುತ್ತಿದ್ದ. “ಚೆನ್ನಾಗೇ ಅರ್ಥ ಆಯ್ತು. ಆದ್ರೂ ಇನ್ನೊಂದ್ಸಲ ಕೇಳಿ.”

ಅವಳು ಇನ್ನೊಂದು ಸಲ ಕೇಳಿದಳು. ಈ ಸಲ ದನಿ ಅಷ್ಟು ಗಟ್ಟಿಯಾಗಿರಲಿಲ್ಲ. ಆದರೆ ಅವನು ಅಷ್ಟು ಹತ್ತಿರ ಬಂದಿದ್ದರಿಂದ ಗಟ್ಟಿಯಾಗಿ ಕೇಳುವ ಅಗತ್ಯವೂ ಇರಲಿಲ್ಲ.

“ಆಗ್ತೀನಿ ವಿದುರಿ,” ಎಂದ. ಮೊದಲ ಸಲ ಮ್ಬಾಕ್ ಎನ್ನಲಿಲ್ಲ. ಅವನ ಬೆರಳುಗಳು ಅವಳ ಬೆರಳುಗಳನ್ನು ಹುಡುಕಿ ಹಿಡಿದವು. ಈ ಸಲ ಅವಳು ಕೈ ಎಳೆದುಕೊಳ್ಳಲಿಲ್ಲ.

ಒಳಗಿನಿಂದ ಬು ಸುಮಿನಾ ಕೆಮ್ಮಿದಳು.

“ನಂದು ನಮಾಜು ಮುಗ್ದು ಎಷ್ಟೋ ಹೊತ್ತಾಯ್ತು. ಈಗ ಹೊರಗೆ ಬರ್ಲೇನೇ?”

ವಿದುರಿ ದನಾರನ ಮುಖ ನೋಡಿದಳು.

“ಇಲ್ಲ ಬು,” ಎಂದಳು ಸ್ಪಷ್ಟವಾಗಿ. “ಇನ್ನೂ ಸ್ವಲ್ಪ ಹೊತ್ತು ಬರಬೇಡಿ.”